ಕೆರೆ ಕಾಣೋ ರೂಮೇ ಬೇಕಾ?

"ಯಲ್ಲಾಪುರದ ಕಡೆ ಬರ್ತೀವಿ, ಕೆರೆ ಕಾಣೋ ರೂಮ್ ಎಲ್ಲಿ ಸಿಗತ್ತೆ?" ಅಂತ ಬೆಂಗಳೂರಿನ ಗೆಳೆಯರು ಕೇಳ್ತಿರ್ತಾರೆ.

ಕವಡಿಕೆರೆ ಮಾಗೋಡು ಜಲಪಾತದ ದಾರೀಲೇ ಇದೆ, ಸಂಜೆ ದಂಡೆ ಮೇಲೆ ಕೂತು ಬನ್ನಿ. ಉಳಿಯೋದು ಮಾತ್ರ ಅಡಿಕೆ ತೋಟದ ಮನೇಲಿ. ವೈನ್ ಸಿಗಲ್ಲ; ಮುರುಗಲ ಪಾನಕ, ಅಪ್ಪೆಹುಳಿ, ತೊಡೆದೇವು ಸಿಗತ್ತೆ.

ಬುಕ್ ಮಾಡೋ ಮೊದಲು ಎರಡೇ ಪ್ರಶ್ನೆ ಕೇಳಿ. ಮನೆಯವರು ಅಲ್ಲೇ ಇರ್ತಾರಾ? ಕೊಳೆನೀರು ಎಲ್ಲಿಗೆ ಹೋಗತ್ತೆ? ಕೆರೆಗೆ ಅಂತಾದ್ರೆ ಆ ಜಾಗ ಬೇಡ, ಕೆಳಗಿನ ತೋಟಗಳಿಗೆ ಅದೇ ನೀರು.

ಮಕ್ಕಳೆಲ್ಲ ಪೇಟೆ ಸೇರಿ, ವಯಸ್ಸಾದವರಷ್ಟೇ ಉಳಿದ ಮನೆಗಳು ಸಿರ್ಸಿ-ಸಿದ್ದಾಪುರದಲ್ಲಿ ಎಷ್ಟೋ. ನೀವು ಕೊಡೋ ದುಡ್ಡಲ್ಲಿ ಒಂದು ಮಾಡಿನ ಹಂಚಾದ್ರೂ ಬದಲಾಗತ್ತೆ.

ಮಳೆಗಾಲದಲ್ಲಿ ಉಂಬಳ ಕಚ್ಚತ್ತೆ, ಕರೆಂಟು ಹೋಗತ್ತೆ. ಅದಕ್ಕೆ ಸಿಟ್ಟಾಗೋರು ದಯವಿಟ್ಟು ಸಿರ್ಸಿ ಪೇಟೇಲೇ ಲಾಡ್ಜ್ ಹುಡುಕಿ :)