ವಹಿ ಯಾರ ಕೈಯಲ್ಲಿ?

ಕೊಗನೊಳ್ಳಿಯ ನಾಕಾ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? 2021ರಲ್ಲಿ, ಕೊರೋನಾ ಕಾಲದಲ್ಲಿ, ಮಹಾರಾಷ್ಟ್ರದಿಂದ ಬರುವವರನ್ನು ಅಲ್ಲಿ ತಡೆದು ಪರೀಕ್ಷೆಯ ಚೀಟಿ ಕೇಳಿದರು. ಅದು ಕಣ್ಣಿಗೆ ಕಾಣುವ ತಪಾಸಣೆ. ಒಪ್ಪದವನು ಎದುರು ನಿಂತು ವಾದಿಸಬಹುದಿತ್ತು. ಆದರೆ ನಮ್ಮ ಮನೆಮನೆಯಲ್ಲಿ ಕಾಣದ ನಾಕಾ ಒಂದಿದೆ. ಅದರ ಹೆಸರು ಡಿಎನ್‌ಎಸ್.

ಮೊಬೈಲಿನಲ್ಲಿ ಒಂದು ತಾಣದ ಹೆಸರು ಒತ್ತಿದರೆ, ಅದರ ಅಂಕಿಯ ವಿಳಾಸವನ್ನು ಯಂತ್ರವು ಒಬ್ಬ ಕಾರಕೂನನಲ್ಲಿ ಕೇಳಬೇಕು. ಆ ಕಾರಕೂನ ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯ ಆಳು. 1980ರ ದಶಕದ ಈ ಪದ್ಧತಿಯಲ್ಲಿ ಪ್ರಶ್ನೆಯು ಅಂಚೆಯ ಕಾರ್ಡಿನಂತೆ ಬಿಚ್ಚಿಯೇ ಹೋಗುತ್ತದೆ. ಬೀಡಿ ಕಟ್ಟುವ ತಾಯಿ ಕ್ಷಯರೋಗದ ತಾಣ ತೆರೆದಳೇ, ಕೂಲಿಕಾರ ಸಂಘದ ತಾಣ ತೆರೆದನೇ, ಎಲ್ಲವೂ ವಹಿಗೆ ಏರಬಲ್ಲದು. ತಕ್ಕಡಿಯೂ ವಹಿಯೂ ವ್ಯಾಪಾರಿಯ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು, 1981ರಲ್ಲಿ ಬೆಲೆಗಾಗಿ ಹೆದ್ದಾರಿಯ ಮೇಲೆ ಕುಳಿತ ನಿಪ್ಪಾಣಿಯ ತಂಬಾಕು ರೈತನಿಗೆ ನಾವು ಹೇಳಿಕೊಡಬೇಕೆ?

ಪ್ರಶ್ನೆಯನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸುವ ಮಾನದಂಡಗಳು 2016 ಮತ್ತು 2018ರಲ್ಲಿ ಬಂದವು. ಒಳ್ಳೆಯದೇ, ದಾರಿಗಳ್ಳನ ಕಾಟ ತಪ್ಪಿತು. ಆದರೆ ಲಕೋಟೆ ಒಡೆಯುವವರು ಯಾರು? ಗೂಗಲ್, ಕ್ಲೌಡ್‌ಫ್ಲೇರ್‌ನಂಥ ದೂರದ ಸಾಹುಕಾರರು! ಧಣಿ ಬದಲಾದ ಮಾತ್ರಕ್ಕೆ ಜೀತ ತಪ್ಪೀತೆ?

ಸ್ವಂತ ಕಾರಕೂನನೇ ಇದಕ್ಕೆ ಮದ್ದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರದಲ್ಲಿ ಅನ್‌ಬೌಂಡ್ ಎಂಬ ಉಚಿತ ತಂತ್ರಾಂಶ ಹಾಕಿ, ರೂಟರಿನಲ್ಲಿ ಅದರ ವಿಳಾಸ ಬರೆಯಬೇಕು. ಅದು ಮಧ್ಯಸ್ಥನನ್ನು ಕೇಳದೆ ಬೇರಿನಿಂದಲೇ ವಿಳಾಸ ಹುಡುಕುತ್ತದೆ. ಸಹಿಯಿರುವ ಉತ್ತರದ ಸಹಿ ಪರೀಕ್ಷಿಸುತ್ತದೆ. ಒಮ್ಮೆ ತಿಳಿದದ್ದನ್ನು ಕೆಲಕಾಲ ನೆನಪಿಡುತ್ತದೆ. ಇದರಿಂದ ಸರ್ವವೂ ಗುಪ್ತವೆಂದು ನಾವು ಸುಳ್ಳು ಹೇಳಲಾರೆವು. ಅದು ಹೊರಗೆ ಕೇಳುವ ಪ್ರಶ್ನೆ ಇನ್ನೂ ಬಿಚ್ಚಿಯೇ ಹೋಗುತ್ತದೆ. ಒಬ್ಬನೇ ಕೇಳಿದರೆ ಗುರುತು ಸಿಕ್ಕೀತು. ನೂರು ಜನ ಒಂದೇ ಬಾಗಿಲಿನಿಂದ ಕೇಳಿದರೆ ಯಾರ ಪ್ರಶ್ನೆ ಯಾವುದೆಂದು ಹೇಳುವುದು ಕಷ್ಟ. ಸಂಘಶಕ್ತಿಯೆಂದರೆ ಇದೇ.

2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದರು. 2023ರ ಕಾಯಿದೆಯಾದರೋ ಸರ್ಕಾರ ತನ್ನ ಸಂಸ್ಥೆಗಳಿಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆದಿಟ್ಟಿದೆ. ಕಾಗದದ ಹಕ್ಕನ್ನು ನಂಬಿ ಕೈಕಟ್ಟಿ ಕೂರುವ ಕಾಲ ಇದಲ್ಲ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ: ಕೊಗನೊಳ್ಳಿಯಿಂದ ಮೊದಲಾಗಿ ಪ್ರತಿ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಪ್ರತಿ ಸಹಕಾರಿ ಸಂಘದಲ್ಲಿ ಇಂಥ ಯಂತ್ರ ಕೂರಲಿ, ಅದರಲ್ಲಿ ಯಾರ ವಹಿಯನ್ನೂ ಬರೆಯದಿರಲಿ!