ಯಂತ್ರ ಎಣಿಸಲಿ, ಅಂದಾಜು ನಮ್ಮದಿರಲಿ



ಪೈಥಾನ್ ಕಲಿಯುತ್ತಿರುವ ಮಕ್ಕಳಿಂದ ಇನ್ನೂ ಸರಾಸರಿ, ಮಾನಕ ವಿಚಲನೆಗಳ ಲೆಕ್ಕವನ್ನು ಕೈಯಿಂದ ಮಾಡಿಸಬೇಕೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನಂಪೈ ಎಂಬ ಲೈಬ್ರರಿ ಇರುವಾಗ, ಒಂದು ಸಾಲಿನ ಆಜ್ಞೆಯಲ್ಲಿ ಮುಗಿಯುವ ಕೆಲಸಕ್ಕೆ ಎರಡು ಪುಟಗಳ ಶ್ರಮವೇಕೆ ಎಂಬುದು ನಿಮ್ಮ ವಾದ. ಗಣಿತದ ಮೇಷ್ಟ್ರು ಯಂತ್ರವನ್ನು ವಿರೋಧಿಸುತ್ತಾರೆಂದು ನೀವು ನಿರೀಕ್ಷಿಸಿರಬಹುದು. ನನ್ನ ಅಭಿಪ್ರಾಯ ಹಾಗಿಲ್ಲ. ನಂಪೈಯನ್ನು ಮಕ್ಕಳು ಕಲಿಯಲೇಬೇಕು. ಆದರೆ ಉತ್ತರ ಹೇಗಿರಬೇಕೆಂಬ ಅಂದಾಜು ಮಾಡಿಕೊಳ್ಳದೆ ಅದಕ್ಕೆ ಆಜ್ಞೆ ಕೊಡಬಾರದು.

ಮೊದಲು ಅದರ ಹಿರಿಮೆಯನ್ನು ಹೇಳಿಬಿಡುತ್ತೇನೆ. 1995ರಲ್ಲಿ ಜಿಮ್ ಹ್ಯೂಗುನಿನ್ ರೂಪಿಸಿದ ನ್ಯೂಮರಿಕ್ ಎಂಬ ಲೈಬ್ರರಿಯೇ ನಂಪೈಯ ಪೂರ್ವಜ. ಮುಂದೆ ನಮ್‌ಅರೇ ಎಂಬ ಇನ್ನೊಂದು ಹುಟ್ಟಿ, ಬಳಕೆದಾರರು ಎರಡು ಪಂಗಡಗಳಾದರು. ಟ್ರಾವಿಸ್ ಆಲಿಫೆಂಟ್ ಎರಡನ್ನೂ ಒಂದುಗೂಡಿಸಿ 2006ರಲ್ಲಿ ನಂಪೈಯ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ತಿದ್ದಬಹುದಾದ ಸಾಮಗ್ರಿ ಇದು. 2019ರಲ್ಲಿ ಜಗತ್ತು ಕಂಡ ಕಪ್ಪುಕುಳಿಯ ಮೊದಲ ಚಿತ್ರವನ್ನು ಸಿದ್ಧಪಡಿಸುವ ಲೆಕ್ಕದಲ್ಲಿಯೂ ಇದರ ಪಾಲಿತ್ತು.

ಇದರ ವೇಗದ ಗುಟ್ಟು ಸರಳವಾದುದು. ಪೈಥಾನಿನ ಸಾಮಾನ್ಯ ಪಟ್ಟಿಯಲ್ಲಿ ಇರುವುದು ಸಂಖ್ಯೆಗಳ ವಿಳಾಸಗಳು ಮಾತ್ರ. ಸಂಖ್ಯೆಗಳು ಮೆಮೊರಿಯಲ್ಲಿ ಬೇರೆಡೆ ಇರುತ್ತವೆ. ನಂಪೈಯ ಅರೇಯಾದರೋ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳಂತೆ. ಒಂದೇ ಅಳತೆಯ ಮನೆಗಳು ಸಾಲಾಗಿ ನಿಂತಿರುತ್ತವೆ. ಸಿ ಭಾಷೆಯಲ್ಲಿ ಬರೆದ ಕ್ರಮವಿಧಿ ಆ ಸಾಲಿನುದ್ದಕ್ಕೂ ನಿಲ್ಲದೆ ಓಡುತ್ತದೆ.

ಆದರೆ ಮನೆಯ ಅಳತೆ ನಿಗದಿಯಾದ ಮೇಲೆ ಅದಕ್ಕಿಂತ ದೊಡ್ಡದು ಅದರಲ್ಲಿ ಹಿಡಿಸುವುದಿಲ್ಲ. ಪೂರ್ಣಾಂಕಕ್ಕೆ ಸಾಮಾನ್ಯವಾಗಿ ದೊರೆಯುವುದು 64 ಬಿಟ್‌ಗಳ ಮನೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 9223372036854775807. ಒಂದರಿಂದ 20ರವರೆಗಿನ ಸಂಖ್ಯೆಗಳ ಗುಣಲಬ್ಧ ಇದರೊಳಗೆ ಕೂರುತ್ತದೆ, 21ರವರೆಗಿನದು ಕೂರುವುದಿಲ್ಲ. ಪೈಥಾನಿನ ಸ್ವಂತ ಪೂರ್ಣಾಂಕ ಬೇಕಾದಷ್ಟು ಬೆಳೆಯುವುದರಿಂದ 51090942171709440000 ಎಂಬ ಸರಿಯುತ್ತರವನ್ನೇ ಕೊಡುತ್ತದೆ. ಇದೇ ಸಂಖ್ಯೆಗಳನ್ನು ನಂಪೈಯ ಅರೇಯಲ್ಲಿಟ್ಟು ಗುಣಿಸಿದರೆ ದೊರೆಯುವುದು ಋಣ 4249290049419214848! ಹಳೆಯ ಬಸ್ಸಿನ ಮೀಟರು 99999 ದಾಟಿ ಮತ್ತೆ ಸೊನ್ನೆಗೆ ತಿರುಗಿದಂತೆ ಇಲ್ಲಿಯೂ ಸಂಖ್ಯೆ ಸುತ್ತು ತಿರುಗಿಬಿಡುತ್ತದೆ. ಎಚ್ಚರಿಕೆಯ ಒಂದು ಮಾತೂ ಪರದೆಯ ಮೇಲೆ ಬರುವುದಿಲ್ಲ.

ಋಣಚಿಹ್ನೆ ಕಂಡರೆ ಯಾವ ಬಾಲಕನಾದರೂ ತಡೆದು ನಿಂತಾನು. ಆದರೆ 23ರವರೆಗೆ ಗುಣಿಸಿ ನೋಡಿ: 8128291617894825984 ಎಂಬ ಧನಸಂಖ್ಯೆ ಸಭ್ಯವಾಗಿ ಮುಂದೆ ಬಂದು ನಿಲ್ಲುತ್ತದೆ. ಇದು ತಪ್ಪೆಂದು ತಿಳಿಯಲು ಕಂಪ್ಯೂಟರು ಬೇಕಿಲ್ಲ. 10ರವರೆಗಿನ ಗುಣಲಬ್ಧವೇ 36 ಲಕ್ಷವನ್ನು ಮೀರುತ್ತದೆ, ಅಂದರೆ 7 ಅಂಕಿಗಳು. ಆಮೇಲೆ 11ರಿಂದ 23ರವರೆಗಿನ 13 ಸಂಖ್ಯೆಗಳಲ್ಲಿ ಪ್ರತಿಯೊಂದೂ ಹತ್ತಕ್ಕಿಂತ ದೊಡ್ಡದು. ಪ್ರತಿ ಗುಣಾಕಾರಕ್ಕೂ ಕನಿಷ್ಠ ಒಂದೊಂದು ಅಂಕಿ ಹೆಚ್ಚಬೇಕು. ಹಾಗಾಗಿ ಉತ್ತರದಲ್ಲಿ 20 ಅಂಕಿಗಳಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ನಂಪೈ ಕೊಟ್ಟದ್ದರಲ್ಲಿ ಇರುವುದು 19. ಅರ್ಧ ನಿಮಿಷದ ಈ ಅಂದಾಜು ಬಾರದವನು ಆ ಸಂಖ್ಯೆಯನ್ನು ನಂಬಿ ಮುಂದೆ ಸಾಗುತ್ತಾನೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದುದು. ಐವರು ವಿದ್ಯಾರ್ಥಿಗಳ ಅಂಕಗಳು 40, 50, 60, 70, 80 ಎಂದಿರಲಿ. ಸರಾಸರಿ 60, ವಿಚಲನೆಗಳ ವರ್ಗಗಳ ಮೊತ್ತ 1000. ಮಾನಕ ವಿಚಲನೆಯನ್ನು ನಂಪೈಗೆ ಕೇಳಿದರೆ 14.14 ಎನ್ನುತ್ತದೆ. ಅದೇ ನಂಪೈಯ ತಳಹದಿಯ ಮೇಲೆ ಕಟ್ಟಿದ ಪ್ಯಾಂಡಾಸ್ ಎಂಬ ಲೈಬ್ರರಿ 15.81 ಎನ್ನುತ್ತದೆ. ಯಾವುದು ಸರಿ? ಎರಡೂ ಸರಿ. ಮೊದಲನೆಯದು 5ರಿಂದ ಭಾಗಿಸಿತು, ಎರಡನೆಯದು 4ರಿಂದ. ಆ ಐವರೇ ಇಡೀ ತರಗತಿಯಾಗಿದ್ದರೆ 5ರಿಂದ ಭಾಗಿಸಬೇಕು. ದೊಡ್ಡ ಸಮೂಹದಿಂದ ಆರಿಸಿದ ಮಾದರಿಯಾಗಿದ್ದು, ಆ ಸಮೂಹವನ್ನು ಕುರಿತು ಹೇಳಬೇಕಾಗಿದ್ದರೆ 4ರಿಂದ. ಬಯಸಿದರೆ ನಂಪೈಯೂ 4ರಿಂದ ಭಾಗಿಸುತ್ತದೆ. ಆಜ್ಞೆಯಲ್ಲಿ ಹಾಗೆಂದು ಹೇಳಬೇಕಷ್ಟೆ. ಆ ಐವರು ಯಾರೆಂಬುದು ಮಾತ್ರ ಯಂತ್ರಕ್ಕೆ ಗೊತ್ತಿಲ್ಲ. ಪ್ರಶ್ನೆ ಕೇಳಿದವನಿಗೆ ಗೊತ್ತಿರಬೇಕು. ಭಾಗಾಕಾರವನ್ನು ಒಮ್ಮೆಯಾದರೂ ಕೈಯಾರೆ ಮಾಡಿದವನಿಗೇ ಇಲ್ಲೊಂದು ಆಯ್ಕೆಯಿದೆ ಎಂಬುದು ಹೊಳೆಯುವುದು.

ನಮ್ಮ ಕಾಲದ ಲಾಗರಿದಮ್ ಕೋಷ್ಟಕಕ್ಕೆ ಒಂದು ಗುಣವಿತ್ತು. ಅದು ಅಂಕಿಗಳನ್ನು ಕೊಡುತ್ತಿತ್ತೇ ಹೊರತು ದಶಮಾಂಶ ಬಿಂದುವನ್ನು ಇಟ್ಟುಕೊಡುತ್ತಿರಲಿಲ್ಲ. ಉತ್ತರ 3.6 ಆಗಿರಬೇಕೋ 360 ಆಗಿರಬೇಕೋ ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕಾಗಿತ್ತು. ಉಪಕರಣವೇ ಅಂದಾಜನ್ನು ಕಲಿಸುತ್ತಿತ್ತು. ಇಂದಿನ ಉಪಕರಣ ಬಿಂದುವನ್ನೂ ತಾನೇ ಇಟ್ಟುಕೊಡುತ್ತದೆ. ಆದ್ದರಿಂದ ಆ ಕಲಿಕೆಯ ಹೊಣೆ ಈಗ ಶಿಕ್ಷಕರ ಮೇಲೆ, ತಂದೆತಾಯಿಗಳ ಮೇಲೆ ಬಿದ್ದಿದೆ.

ಲಕ್ಷಗಟ್ಟಲೆ ಸಾಲುಗಳ ಮಾಹಿತಿಯನ್ನು ಯಾರು ಕೈಯಿಂದ ಲೆಕ್ಕ ಹಾಕುತ್ತಾರೆ ಎಂದು ಕೇಳುವಿರಿ. ಯಾರೂ ಹಾಕಬೇಕಾಗಿಲ್ಲ. ಐದು ಸಾಲುಗಳನ್ನು ಹಾಳೆಯ ಮೇಲೆ ಮಾಡಿ, ನಂಪೈಯ ಉತ್ತರದೊಡನೆ ಹೋಲಿಸಿ, ಬಳಿಕ ಐದು ಲಕ್ಷವನ್ನು ಅದಕ್ಕೆ ಒಪ್ಪಿಸಿದರೆ ಸಾಕು. ಹಾಗೆಯೇ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಮಾತೃಕೆಗಳನ್ನು ಹತ್ತಾರು ಸಲ ಗುಣಿಸಲು ಹೇಳುವುದು ಮಕ್ಕಳಿಗೆ ದಣಿವನ್ನಷ್ಟೇ ತರುತ್ತದೆ. ಎರಡೆರಡರದನ್ನು ಅರ್ಥವಾಗುವಂತೆ ಎರಡು ಸಲ ಮಾಡಿಸಿ, ಉಳಿದುದನ್ನು ಯಂತ್ರಕ್ಕೆ ಬಿಡಿ.

ಮಗ್ಗಿ ಬಾಯಿಪಾಠವಾಗಿದ್ದವರು ಅಂಗಡಿಯ ಚೀಟಿಯ ಮೇಲೆ ಕಣ್ಣಾಡಿಸಿಯೇ ಮೊತ್ತ ಹೆಚ್ಚಾಯಿತೆಂದು ಹೇಳುತ್ತಿದ್ದರು. ನಿಮ್ಮ ಮಕ್ಕಳು ನಾಳೆ ಬರೆಯುವ ಕ್ರಮವಿಧಿಗಳ ಲೆಕ್ಕವನ್ನು ನಂಬಿ ಯಾರಿಗೋ ಸಾಲ ಮಂಜೂರಾಗಬಹುದು, ಯಾರಿಗೋ ಔಷಧದ ಪ್ರಮಾಣ ನಿಗದಿಯಾಗಬಹುದು. ಪರದೆಯ ಮೇಲೆ ಸಂಖ್ಯೆ ಮೂಡಿದಾಗ “ಇದು ಇಷ್ಟಿರಲು ಸಾಧ್ಯವೇ?” ಎಂದು ಕೇಳುವ ಅಭ್ಯಾಸವೊಂದನ್ನು ಅವರಿಗೆ ಮಾಡಿಸಿ. ಇಂದು ಸಂಜೆಯೇ ಐದು ಸಂಖ್ಯೆಗಳನ್ನು ಕೊಟ್ಟು, ಒಂದು ಹಾಳೆಯನ್ನೂ ಮುಂದಿಡಿ.