‘ಫುಲ್ ಇನ್ಶೂರೆನ್ಸ್ ಇದೆ ಸರ್’ ಅನ್ನೋ ಸುಳ್ಳು

(1/4)
ಕಾರು ತಗೊಳ್ಳೋ ದಿನ ಶೋರೂಮಲ್ಲಿ ಒಂದು ಡೈಲಾಗ್ ಗ್ಯಾರಂಟಿ: “ಫುಲ್ ಇನ್ಶೂರೆನ್ಸ್ ಇದೆ ಸರ್, ಟೆನ್ಶನ್ ತಗೋಬೇಡಿ.” ಪಾಲಿಸಿ ಪೇಪರ್ ತೆಗೆದು ನೋಡಿ, ‘ಫುಲ್’ ಅನ್ನೋ ಪದ ಅದರಲ್ಲಿ ಹುಡುಕಿ. ಸಿಗಲ್ಲ. ಬೇರೆಯವರಿಗೆ ಆದ ನಷ್ಟಕ್ಕೆ ಥರ್ಡ್ ಪಾರ್ಟಿ, ಇದು ಕಾನೂನಿನ ಪ್ರಕಾರ ಕಡ್ಡಾಯ. ನಮ್ಮ ಗಾಡಿಗೆ ಆದ ನಷ್ಟಕ್ಕೆ ಓನ್ ಡ್ಯಾಮೇಜ್. ಎರಡೂ ಸೇರಿದ್ರೆ ಕಾಂಪ್ರೆಹೆನ್ಸಿವ್. ‘ಫುಲ್’ ಅನ್ನೋದು ಸೇಲ್ಸ್‌ನವರ ಬಾಯಲ್ಲಿ ಹುಟ್ಟಿದ್ದು. ನಮ್ಮಪ್ಪ ಆ ಪದ ನಂಬಿದ್ರು.

(2/4)
ಹೋದ ಮಳೆಗಾಲ, ರಾತ್ರಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತು ಕಾರು ಆಫ್ ಆಯ್ತು. ಅಪ್ಪ ಕೀ ತಿರುಗಿಸಿದ್ರು. ಮೂರು ಸಲ. ನೀವಾಗಿದ್ರೂ ಅದನ್ನೇ ಮಾಡ್ತಿದ್ರಿ. ಆದ್ರೆ ಗಾಳಿ ಹೋಗೋ ದಾರೀಲಿ ಎಂಜಿನ್ ಒಳಗೆ ನೀರು ಹೋಗಿತ್ತು. ಪಿಸ್ಟನ್ ಗಾಳಿನ ಒತ್ತಿ ಕುಗ್ಗಿಸುತ್ತೆ, ನೀರು ಕುಗ್ಗಲ್ಲ. ಹಾಗಾಗಿ ಒಳಗಿನ ಕನೆಕ್ಟಿಂಗ್ ರಾಡೇ ಬಾಗಿಹೋಯ್ತು.

ಗಾಡಿ ಇನ್ನೂ ವಾರಂಟಿಯಲ್ಲಿತ್ತು. ಸರ್ವಿಸ್ ಸೆಂಟರ್‌ನವರು, “ಇದು ತಯಾರಿಕೆಯ ದೋಷ ಅಲ್ಲ, ನೀರಿಂದ ಆಗಿದ್ದು, ಇನ್ಶೂರೆನ್ಸ್‌ನವರನ್ನ ಕೇಳಿ” ಅಂದ್ರು. ಸರ್ವೇಯರ್ ಬಂದು, “ಪ್ರವಾಹ ಕವರ್ ಆಗುತ್ತೆ, ಸೀಟು, ವೈರಿಂಗಿಗೆ ಕೊಡ್ತೀವಿ. ಎಂಜಿನ್‌ಗೆ ಇಲ್ಲ. ನೀರಲ್ಲಿ ಸ್ಟಾರ್ಟ್ ಮಾಡಿದ್ದಕ್ಕೆ ಹಾಳಾಗಿದೆ, ಇದು ಕಾನ್ಸಿಕ್ವೆನ್ಶಿಯಲ್ ಲಾಸ್” ಅಂದ್ರು. ಎರಡು ಪೇಪರ್, ಎರಡಕ್ಕೂ ದುಡ್ಡು ಕೊಟ್ಟಿದ್ದು ನಾವು, ಎಂಜಿನ್ ಮಾತ್ರ ಎರಡರ ಮಧ್ಯದ ಗುಂಡಿಗೆ ಬಿತ್ತು. ಬಿಲ್ 92 ಸಾವಿರ. ಅಮ್ಮನ ಚೀಟಿ ದುಡ್ಡು ಅಲ್ಲಿಗೆ ಹೋಯ್ತು.

ಈ ಗುಂಡಿ ಮುಚ್ಚೋಕೆ ಎಂಜಿನ್ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್ ಇದೆ. ಬುಕಿಂಗ್ ದಿನ ಟೆಫ್ಲಾನ್ ಕೋಟಿಂಗ್, ಫ್ಲೋರ್ ಮ್ಯಾಟ್ ಬಗ್ಗೆ ಅರ್ಧ ಗಂಟೆ ಹೇಳಿದ ಅಣ್ಣ ಇದರ ಹೆಸರೇ ಎತ್ತಲಿಲ್ಲ. ಪಕ್ಕದಲ್ಲೇ ಕೂತಿದ್ದೆ ನಾನು. (ಫ್ರೀ ಕೊಟ್ಟ ಗಣೇಶನ ವಿಗ್ರಹದ ಫೋಟೋ ಹೊಡೀತಿದ್ದೆ, ಅದು ಬೇರೆ ವಿಷಯ.)

(3/4)
ಇದನ್ನ ಕ್ಲಾಸಲ್ಲಿ ಹೇಳಿದ್ರೆ ಒಬ್ಬ, “ಓದಿ ಸೈನ್ ಮಾಡ್ಬೇಕಿತ್ತು ಗುರು” ಅಂದ. ಏನ್ ಓದೋದು? ಪಾಲಿಸಿ ಬಂದಿದ್ದು ದುಡ್ಡು ಕಟ್ಟಿದ ಮೇಲೆ, ಮೇಲ್‌ನಲ್ಲಿ, ಪೂರ್ತಿ ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಎಸ್‌ಎಸ್‌ಎಲ್‌ಸಿ ಕನ್ನಡ ಮೀಡಿಯಂ ಓದಿದ ಅಪ್ಪನಿಗೆ ‘ಕಾನ್ಸಿಕ್ವೆನ್ಶಿಯಲ್’ ಅಂದ್ರೆ ಏನು ಅಂತ ಯಾರು ಹೇಳ್ಬೇಕಿತ್ತು?

ನಾವು ಬಿಕಾಂನಲ್ಲಿ ಇನ್ಶೂರೆನ್ಸ್‌ನ ತತ್ವ ಅಂತ ‘ಅಟ್‌ಮೋಸ್ಟ್ ಗುಡ್ ಫೇತ್’ ಬಾಯಿಪಾಠ ಮಾಡ್ತೀವಲ್ವಾ? ಎರಡೂ ಕಡೆಯವರು ಏನನ್ನೂ ಮುಚ್ಚಿಡಬಾರದು ಅಂತ. ನಾವು ಒಂದು ವಿಷಯ ಮುಚ್ಚಿಟ್ರೆ ಕ್ಲೇಮ್ ರಿಜೆಕ್ಟ್. ಅವರ ಕಡೆಯಿಂದ ಪಾಲಿಸಿ ಮಾರಿದವನು ಮುಚ್ಚಿಟ್ರೆ? ಅದಕ್ಕೆ ಇಟ್ಟ ಹೆಸರು ‘ಟರ್ಮ್ಸ್ ಅಂಡ್ ಕಂಡೀಷನ್ಸ್’.

2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ನಾವೆಲ್ಲ ಕಾರು ತೇಲೋ ಮೀಮ್ ಶೇರ್ ಮಾಡಿ ನಕ್ವಿ. ಮಳೆ ಬಂದ್ರೆ ರಸ್ತೆ ಕೆರೆ ಆಗೋ ಊರಲ್ಲಿ ಎಂಜಿನ್ ಕವರ್ ಬಗ್ಗೆ ಬಾಯಿಬಿಡದೆ ‘ಫುಲ್’ ಅಂತ ಮಾರೋದು ಮರೆವಲ್ಲ. ಅದು ಮೋಸ.

(4/4)
ಬೈಕ್‌ನವರು ನಗಬೇಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಥರ್ಡ್ ಪಾರ್ಟಿ 5 ವರ್ಷಕ್ಕೆ ಒಟ್ಟಿಗೇ ಕೊಡ್ತಾರೆ. ಆದ್ರೆ ಅದರ ಜೊತೆ ಬರೋ ಓನ್ ಡ್ಯಾಮೇಜ್ ಸಾಮಾನ್ಯವಾಗಿ 1 ವರ್ಷಕ್ಕೆ ಮಾತ್ರ. ಪೇಪರಲ್ಲಿ ಐದು ವರ್ಷದ ಡೇಟ್ ನೋಡಿ ಆರಾಮಾಗಿರ್ತೀವಿ. ರಿನ್ಯೂ ಮಾಡದೆ ಎರಡನೇ ವರ್ಷ ಬೈಕ್ ಕಳುವಾದ್ರೆ ಒಂದು ರೂಪಾಯಿ ಬರಲ್ಲ.

ಇನ್ನೊಂದು ಬೆದರಿಕೆ ಕೇಳಿರ್ತೀರ: “ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿ, ಇಲ್ಲಾಂದ್ರೆ ವಾರಂಟಿ ಹೋಗುತ್ತೆ.” ಹೋಗಲ್ಲ. ವಾರಂಟಿ ಕೊಡೋದು ಗಾಡಿ ತಯಾರಿಸಿದ ಕಂಪನಿ, ನೀವು ಇನ್ಶೂರೆನ್ಸ್ ಎಲ್ಲಿ ಮಾಡಿಸಿದ್ರಿ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶೋರೂಮಿಗೆ ಅಪ್ಪನ ಜೊತೆ ಹೋದ್ರೆ ಫೋನ್ ಜೇಬಲ್ಲಿಡಿ. “ಯಾವ್ಯಾವುದಕ್ಕೆ ದುಡ್ಡು ಬರಲ್ಲ, ಕನ್ನಡದಲ್ಲಿ ಬರೆದುಕೊಡಿ” ಅಂತ ಕೇಳಿ. ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ. ಗಾಡಿ ನೀರಲ್ಲಿ ನಿಂತ್ರೆ ಕೀ ಮುಟ್ಟಬೇಡಿ, ತಳ್ಳಿ ಅಥವಾ ಟೋ ಮಾಡಿಸಿ.

ಈಗ ಎದ್ದು ಮನೆಯ ಕಾರಿನ ಪಾಲಿಸಿ ತೆಗೀರಿ. ಆಡ್-ಆನ್ ಸಾಲಲ್ಲಿ ‘ಎಂಜಿನ್’ ಅನ್ನೋ ಪದ ಇದೆಯಾ ನೋಡಿ. ಇಲ್ಲ ಅಂದ್ರೆ ಕಾಮೆಂಟಲ್ಲಿ ಬರೀ ‘ಇಲ್ಲ’ ಅಂತ ಹಾಕಿ. ಎಷ್ಟು ಜನಕ್ಕೆ ‘ಫುಲ್’ ಮಾರಿದ್ದಾರೆ, ಎಣಿಸೋಣ.